ಜರ್ಮನ್ ಸೈನಿಕನ ಪಾನಪಾತ್ರೆ

ನೇತ್ರಾವತಿಯ ತಡಿಯಲ್ಲಿ ಯೋಹಾನಯ್ಯ ಎಂಬ ಗುರುಗಳಿದ್ದರು. ಒಡೆದ ಪಾತ್ರೆಗಳನ್ನು ಕೂಡಿಸುವುದು ಅವರ ವಿದ್ಯೆ.

ಅವರ ಕುಟೀರದ ಗೋಡೆಯುದ್ದಕ್ಕೂ ಜರ್ಮನಿಯ ಸೈನಿಕರ ಹಳೆಯ ಬಿಯರ್ ಪಾತ್ರೆಗಳು ಸಾಲುಗೊಂಡಿದ್ದವು. ಪಿಂಗಾಣಿಯ ಮೈ, ತವರದ ಮುಚ್ಚಳ. ಸೇನೆಯ ಸೇವೆ ಮುಗಿಸಿ ಊರಿಗೆ ಮರಳುವವನು ತನ್ನ ಹೆಸರನ್ನೂ ಜೊತೆಗಾರರ ಹೆಸರುಗಳನ್ನೂ ಬರೆಸಿ ಮಾಡಿಸಿಕೊಂಡ ಪಾತ್ರೆಗಳವು. ಕುಡಿದವರು ಉಳಿದಿರಲಿಲ್ಲ, ಹೆಸರುಗಳು ಉಳಿದಿದ್ದವು.

“ಬಿಯರಿನ ಹನಿಯನ್ನೂ ಮುಟ್ಟದವರಿಗೆ ಇದೇನು ಗೀಳು?” ಎಂದು ಜನ ನಗುತ್ತಿದ್ದರು.

“ದೇವರು ಒಬ್ಬನಿಗೆ ಬಾಯಾರಿಕೆ ಕೊಟ್ಟ, ನನಗೆ ಪಾತ್ರೆ ಕೊಟ್ಟ” ಎನ್ನುತ್ತಿದ್ದರು ಗುರುಗಳು.

ಅವರ ಶಿಷ್ಯ ಧರಣೇಂದ್ರ ಜೈನರ ಮನೆಯವನು; ಮದ್ಯವನ್ನು ಮುಟ್ಟೆನೆಂಬ ವ್ರತವುಳ್ಳವನು. ಪಾತ್ರೆಗಳನ್ನು ಒರೆಸುವಾಗಲೂ ತೋಳನ್ನು ನೀಳವಾಗಿ ಚಾಚಿ ಹಿಡಿಯುತ್ತಿದ್ದನು.

“ಅದು ಕಚ್ಚುವುದಿಲ್ಲ, ಮಗೂ. ಹಲ್ಲು ಉದುರಿ ನೂರು ವರ್ಷವಾಗಿದೆ” ಎಂದು ಗುರುಗಳು ಅಣಕಿಸುತ್ತಿದ್ದರು.

ಒಂದು ದಿನ ಲಿಲ್ಲಿಬಾಯಿ ಎಂಬ ವೃದ್ಧೆ ಸೆರಗಿನಲ್ಲಿ ಅಂಥದೇ ಒಂದು ಪಾತ್ರೆಯನ್ನು ಸುತ್ತಿಕೊಂಡು ಬಂದರು. ಮುಚ್ಚಳದ ಕೀಲು ಮುರಿದಿತ್ತು. ತಳ ಬಿರಿದಿತ್ತು.

“ಹೆಂಚಿನ ಕಾರ್ಖಾನೆಯಲ್ಲಿ ನನ್ನ ಅಜ್ಜನ ಜೊತೆ ದುಡಿದ ಜರ್ಮನಿಯವನದು” ಎಂದರು ಆಕೆ. “ಹಡಗು ಹತ್ತುವಾಗ ಅಜ್ಜನ ಕೈಯಲ್ಲಿಟ್ಟು, ‘ನಾನು ಮನೆಗೇ ಹೋಗುತ್ತಿದ್ದೇನೆ, ಇದರೊಳಗಿನ ಮನೆ ನಿನಗಿರಲಿ’ ಎಂದನಂತೆ. ನಾವೂ ಹುಡುಕಿದೆವು. ಹೊರಮೈಯ ಚಿತ್ರದಲ್ಲಿ ಕುದುರೆಯಿದೆ, ಫಿರಂಗಿಯಿದೆ, ಮೀಸೆಯಿದೆ. ಮನೆಯಿಲ್ಲ. ಅಪ್ಪ ಹುಡುಕುತ್ತಲೇ ತೀರಿಕೊಂಡರು. ಅಜ್ಜಿ ಬೇಸತ್ತು ಇದರಲ್ಲಿ ಉಪ್ಪಿನಕಾಯಿ ಹಾಕಿದಳು.”

“ಈಗೇನಾಗಬೇಕು, ಬಾಯಿ?” ಎಂದರು ಗುರುಗಳು.

“ಆ ಜರ್ಮನಿಯವನ ಮರಿಮಗಳು ಊರಿಗೆ ಬಂದಿದ್ದಾಳೆ. ನಾಳೆ ಇರುಳು ಹಿಂದಿರುಗುತ್ತಾಳೆ. ಒಡೆಯರದು ಒಡೆಯರಿಗೆ ಸೇರಲಿ. ಸೋರುವ ಪಾತ್ರೆಯನ್ನು ಕೊಡಬಾರದಷ್ಟೆ.” ಆಕೆ ಸ್ವಲ್ಪ ತಡೆದು ಹೇಳಿದರು: “ಕೈಬಿಡುವ ಮೊದಲು ಆ ಮನೆ ಎಲ್ಲಿತ್ತೆಂದು ತಿಳಿದಿದ್ದರೆ ಚೆನ್ನಾಗಿತ್ತು.”

ಗುರುಗಳು ಪಾತ್ರೆಯನ್ನು ಶಿಷ್ಯನ ಕೈಗಿತ್ತು ಹೊಳೆಯ ಕಡೆಗೆ ನಡೆದರು.

ಧರಣೇಂದ್ರ ಕೀಲನ್ನು ಬೆಸೆದನು. ಒಳಗಿನ ಉಪ್ಪಿನಕಾಯಿಯ ಕಲೆ ಹೋಗಿ ಬೆಳ್ಳಗಾಗುವಂತೆ ತೊಳೆದನು. ಪಾತ್ರೆಯನ್ನು ಬೋರಲು ಹಾಕಿ ನೋಡಿದರೆ ತಳದ ಹೊರಮೈ ತಗ್ಗುದಿಣ್ಣೆಯಾಗಿತ್ತು. ಕುಂಬಾರನ ಅವಸರವೆಂದು ಬಗೆದು, ಅರಗಿಗೆ ಇಟ್ಟಿಗೆಯ ಪುಡಿ ಕಲಸಿ, ಬಿರುಕಿನೊಡನೆ ಅದನ್ನೆಲ್ಲ ಮುಚ್ಚಿ ಕನ್ನಡಿಯಂತೆ ಸಮಮಾಡಿದನು.

ಮರುದಿನ ಬೆಳಿಗ್ಗೆ ಗುರುಗಳು ಅದನ್ನು ತಿರುಗಿಸಿ ನೋಡಿದರು.

“ಇದರಲ್ಲಿ ಕುಡಿದೆಯಾ?”

“ಗುರುಗಳೇ, ನಾನು ವ್ರತಸ್ಥ.”

“ನೀರು ಕುಡಿಯಬಾರದೆಂಬ ವ್ರತವೂ ಇದೆಯೇ?”

“ನೀರು ತುಂಬಿಸಿಟ್ಟು ನೋಡಿದ್ದೇನೆ. ಹನಿಯೂ ಸೋರಲಿಲ್ಲ.”

ಗುರುಗಳು ಗೋಡೆಯ ಸಾಲಿನಿಂದ ಬೇರೊಂದು ಪಾತ್ರೆಯನ್ನು ತೆಗೆದು, ಹೊಳೆಯಲ್ಲಿ ಮುಳುಗಿಸಿ ತುಂಬಿ, ಶಿಷ್ಯನಿಗೆ ನೀಡಿದರು.

“ಕುಡಿ. ಕಣ್ಣು ಮುಚ್ಚಬೇಡ, ಇದು ಕಷಾಯವಲ್ಲ.”

ಧರಣೇಂದ್ರ ಸೂರ್ಯನಿಗೆ ಮುಖಮಾಡಿ ಕುಡಿದನು. ನೀರು ಇಳಿಯುತ್ತ ಬಂದಿತು. ಕೊನೆಯ ಗುಟುಕಿಗೆ ಪಾತ್ರೆಯನ್ನು ಪೂರ್ತಿ ಎತ್ತಿದಾಗ ಅದರ ತಳ ಬೆಳಗಿತು.

ಬೆಳಕಿನಲ್ಲಿ ಒಬ್ಬ ಸೈನಿಕ ನಿಂತಿದ್ದನು. ಒಬ್ಬಳು ಅವನ ತೋಳು ಹಿಡಿದಿದ್ದಳು. ಒಂದು ನಾಯಿ ತಲೆಯೆತ್ತಿ ಇಬ್ಬರನ್ನೂ ನೋಡುತ್ತಿತ್ತು. ಬಣ್ಣವಿಲ್ಲ, ಗೆರೆಯಿಲ್ಲ, ಪಿಂಗಾಣಿ ತೆಳುವಾದೆಡೆ ಬೆಳಕು, ದಪ್ಪವಾದೆಡೆ ನೆರಳು. ಅಷ್ಟರಿಂದಲೇ ಅವಳ ಕಣ್ಣು ತುಂಬಿದ್ದೂ ಕಾಣುತ್ತಿತ್ತು.

ನೀರು ಮುಗಿದು ಬಹಳ ಹೊತ್ತಾದರೂ ಅವನು ಪಾತ್ರೆಯನ್ನು ಬಾಯಿಂದ ಇಳಿಸಲಿಲ್ಲ.

ಇಳಿಸಿದ ಮೇಲೆ ತಳವನ್ನು ಹೊರಗಿನಿಂದ ಬೆರಳಿನಿಂದ ಮುಟ್ಟಿದನು. ಬರಿಯ ತಗ್ಗು, ದಿಣ್ಣೆ.

ಅವನು ಲಿಲ್ಲಿಬಾಯಿಯವರ ಪಾತ್ರೆಯತ್ತ ತಿರುಗಿದನು. “ಗುರುಗಳೇ, ನಾನು ಅದನ್ನು ಸಮಮಾಡಿದೆ.”

“ಹೌದು. ಬಹಳ ಚೆನ್ನಾಗಿ ಮಾಡಿದ್ದೀಯೆ.”

“ಕೆತ್ತಿ ತೆಗೆಯಲೇ?”

“ತಳ ಎಲೆಯಷ್ಟು ತೆಳು. ಉಳಿ ತಾಗಿದರೆ ಮನೆಯೂ ಇಲ್ಲ, ಪಾತ್ರೆಯೂ ಇಲ್ಲ. ಅರಗು ಯಾವುದರಲ್ಲಿ ಕರಗುತ್ತದೆ?”

ಶಿಷ್ಯನಿಗೆ ತಿಳಿದಿತ್ತು. “ಮದ್ಯಸಾರದಲ್ಲಿ.”

ಗುರುಗಳು ಸೀಸೆಯನ್ನು ತಂದು ಅವನ ಮುಂದಿಟ್ಟರು.

ಧರಣೇಂದ್ರ ಅದನ್ನು ನೋಡಿದನು. ಪಾತ್ರೆಯನ್ನು ನೋಡಿದನು. ಆಮೇಲೆ ಅಂಗಿಯ ತೋಳು ಮಡಿಸಿ, ಬೆರಳನ್ನು ಸೀಸೆಗೆ ಅದ್ದಿದನು.

ಹನಿಹನಿಯಾಗಿ ನೆನೆಸಿ, ಹತ್ತಿಯಿಂದ ಒತ್ತಿ, ಅರಗನ್ನು ಎತ್ತಿದನು. ಊಟಕ್ಕೆ ಏಳಲಿಲ್ಲ. ಎಲ್ಲ ಹೋದ ಮೇಲೆ ಪುಡಿ ಬೆರೆಸದ ತಿಳಿಯಾದ ಅರಗನ್ನು ಬಿರುಕು ಹೀರುವಷ್ಟು ಮಾತ್ರ ಕುಡಿಸಿ, ಬಿಸಿಲಿನಲ್ಲಿ ಒಣಗಿಸಿದನು. ಪಾತ್ರೆಯನ್ನು ಮಾತ್ರ ಬೆಳಕಿಗೆ ಎತ್ತಿ ಹಿಡಿಯಲಿಲ್ಲ.

“ಚಿತ್ರ ಉಳಿದಿದೆಯೇ ಎಂದು ನೋಡುವುದಿಲ್ಲವೇ?” ಎಂದರು ಗುರುಗಳು.

“ಲಿಲ್ಲಿಬಾಯಿಯವರ ಅಪ್ಪ ನೋಡಲಿಲ್ಲ. ಮೊದಲು ಅವರು ನೋಡಲಿ.”

ಹೊತ್ತು ಇಳಿಯುವಾಗ ಲಿಲ್ಲಿಬಾಯಿ ಬಂದರು. ಧರಣೇಂದ್ರ ಪಾತ್ರೆ ತುಂಬ ಹೊಳೆಯ ನೀರನ್ನು ತಂದು ಎರಡೂ ಕೈಗಳಿಂದ ನೀಡಿದನು.

“ಪಡುವಣಕ್ಕೆ ಮುಖಮಾಡಿ ಕುಡಿಯಿರಿ, ಅಮ್ಮಾ. ಕೊನೆಯ ಹನಿಯವರೆಗೆ.”

“ನೀನೇನು ಮದ್ದು ಕುಡಿಸುತ್ತೀಯೋ ಹೇಗೆ?” ಎನ್ನುತ್ತ ಆಕೆ ಕುಡಿದರು.

ಪಾತ್ರೆ ಮೇಲೇರಿತು. ಅಲ್ಲಿಯೇ ನಿಂತಿತು.

“ಬಾಗಿಲು ತೆರೆದೇ ಇದೆ” ಎಂದರು ಲಿಲ್ಲಿಬಾಯಿ, ಪಾತ್ರೆಯೊಳಗಿನಿಂದಲೇ. ಆಮೇಲೆ, “ಮನೆಯ ಮುಂದೆ ಹೊಂಬಣ್ಣದ ಒಂದು ತೊರೆ ಹರಿಯುತ್ತಿದೆ” ಎಂದರು.

ಧರಣೇಂದ್ರ ತಲೆ ತಗ್ಗಿಸಿದನು. “ಅದು ಅರಗು ಕುಡಿದ ಬಿರುಕು, ಅಮ್ಮಾ.”

“ಸೋರುತ್ತದೆಯೇ?”

“ಇಲ್ಲ.”

“ಹಾಗಾದರೆ ತೊರೆಯೇ.”

ಆಕೆ ಪಾತ್ರೆಯನ್ನು ಅವನಿಗೂ ತೋರಿಸಿದರು. ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು, ಬಂದುದಕ್ಕಿಂತ ಮೆಲ್ಲನೆ, ದಾರಿ ಹಿಡಿದು ಹೋದರು.

ಧರಣೇಂದ್ರ ಕುಟೀರಕ್ಕೆ ಮರಳಿ ಗೋಡೆಯ ಎದುರು ನಿಂತನು. ತಾನು ದಿನವೂ ತೋಳು ಚಾಚಿ ಒರೆಸಿಟ್ಟ ಆ ಸಾಲನ್ನು ಮೊದಲ ಬಾರಿಗೆ ಕಂಡವನಂತೆ ನೋಡಿದನು.

“ಗುರುಗಳೇ,” ಅವನ ದನಿ ತಗ್ಗಿತ್ತು, “ಇವೆಲ್ಲದರ ತಳದಲ್ಲಿಯೂ ಚಿತ್ರವಿದೆಯೇ?”

ಗುರುಗಳು ಬಾಗಿಲಾಚೆಗೆ ಕಣ್ಣು ಹಾಯಿಸಿದರು.

“ಹೊಳೆಯಲ್ಲಿ ನೀರಿಗೇನು ಕೊರತೆಯೇ, ಮಗೂ?”