ಸಾಹೇಬರ ಕಾರಿಗೆ ಅಡ್ಡಗಲ್ಲು

ಮಡಿಕೇರಿಯ ಒಂದು ಕಚೇರಿಗೆ ಶ್ರೀಕಂಠಯ್ಯನವರು ಹೊಸ ಸಾಹೇಬರಾಗಿ ಬಂದರು. ಕಚೇರಿ ಇದ್ದದ್ದು ಕಡಿದಾದ ಇಳಿಜಾರಿನಲ್ಲಿ. ಕೆಳಗೆ ತರಕಾರಿ ಮಾರುವವರ ಸಾಲು. ಡ್ರೈವರ್ ಕುಶಾಲಪ್ಪ ಕಾರನ್ನು ಕೆಳಮುಖವಾಗಿ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳನ್ನು ರಸ್ತೆಯಂಚಿಗೆ ತಿರುಗಿಸಿದ. ಆಮೇಲೆ ಮುಂದಿನ ಒಂದು ಚಕ್ರಕ್ಕೆ ದಪ್ಪ ಕಲ್ಲು ಅಡ್ಡ ಕೊಟ್ಟ.

ಸಾಹೇಬರಿಗೆ ಅವಮಾನವಾಯಿತು. “ಇದೇನು ಎತ್ತಿನ ಗಾಡಿಯೇನಯ್ಯಾ? ಹೊಸ ಕಾರಿದು! ಬ್ರೇಕ್ ಒಂದೇ ಸಾಕು. ತೆಗಿ ಕಲ್ಲು.”

“ಕೆಳಗೆ ಜನ ಇದ್ದಾರೆ, ಸಾರ್.”

“ನನಗೇ ಹೇಳಿಕೊಡ್ತೀಯಾ? ಕಲ್ಲು ತೆಗೀತೀಯೋ, ಕೆಲಸ ಬಿಡ್ತೀಯೋ?”

ಕುಶಾಲಪ್ಪ ವಿನಯದಿಂದ ಕಾರಿನ ಬಾಗಿಲು ತೆರೆದ. “ತೆಗೀತೀನಿ ಸಾರ್. ತಾವು ಒಳಗೆ ಕೂತ್ಕೊಳ್ಳಿ. ತಾವೇ ಕೂತಿದ್ದರೆ ಕೆಳಗಿನವರಿಗೂ ಧೈರ್ಯ.”

ತರಕಾರಿಯವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಸಾಹೇಬರು ಕೂರಲೇಬೇಕಾಯಿತು. ಗಾಜಿನಾಚೆ ರಸ್ತೆ ನೇರ ಟೊಮೆಟೊ ಬುಟ್ಟಿಗಳಿಗೇ ಇಳಿದಿತ್ತು. ಕುಶಾಲಪ್ಪ ಬಗ್ಗಿ ಕಲ್ಲಿಗೆ ಕೈ ಹಾಕಿದ.

“ಏ, ತಡಿ!” ಸಾಹೇಬರು ಸೀಟು ಹಿಡಿದುಕೊಂಡು ಕೂಗಿದರು. “ಅದು ಅಲ್ಲೇ ಇರಲಿ. ಹಿಂದಿನ ಚಕ್ರಕ್ಕೂ ಒಂದು ಕೊಡು.”

ಮರುದಿನ ಸುತ್ತೋಲೆ ಬಂತು. ಚಾಲಕರ ನಿರ್ಲಕ್ಷ್ಯವನ್ನು ಸಾಹೇಬರು ಖುದ್ದಾಗಿ ಗಮನಿಸಿದ್ದಾರೆ; ಇನ್ನು ಮುಂದೆ ಇಳಿಜಾರಿನಲ್ಲಿ ನಿಲ್ಲಿಸುವ ಪ್ರತಿ ವಾಹನದ ಚಕ್ರಕ್ಕೂ ಕಲ್ಲು ಕಡ್ಡಾಯ. ಕುಶಾಲಪ್ಪ ಎರಡು ಸಲ ಓದಿ, ‘ತಿಳಿದುಕೊಂಡೆ’ ಎಂದು ಬರೆದು ಸಹಿ ಹಾಕಿದ.