ಗೋಡೆಯಾಚೆಯ ತೊಟ್ಟಿಲು

"ಕೇಳ್ರಪ್ಪೋ ಕೇಳ್ರಿ. ದೊರೆಯ ಮಗ ಚಿಕ್ಕ ದೊರೆಯ ಕಾವಲಿಗೆ ಕೈಕೋವಿ ಹಿಡಿಯುವವನು ಬೇಕು. ರಾಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನಿಗೆ ಅಮಾವಾಸ್ಯೆಗೆ ನೇಣು."

ಗಿಡುಗನಕೋಟೆಯಲ್ಲಿ ಹೀಗೆ ಡಂಗುರ ಹೊಡೆದಾಗ ಜನ ಬಾಗಿಲು ಹಾಕಿಕೊಂಡರು. ಮತ್ತೇನು ಮಾಡಿಯಾರು? ಹಿಂದಿನ ತಿಂಗಳಷ್ಟೇ ಅರಮನೆಗೆ ಕಳ್ಳ ನುಗ್ಗಿದ್ದ. ಕಾವಲಿನ ಗಾದ್ರಪ್ಪ ಹೊಡೆದ ಗುಂಡು ಕಳ್ಳನನ್ನೂ ದಾಟಿ, ಮಣ್ಣಿನ ಗೋಡೆಯನ್ನೂ ದಾಟಿ, ಆಚೆ ತೊಟ್ಟಿಲಲ್ಲಿದ್ದ ದೊರೆಯ ಮಗಳನ್ನು ಕೊಂದಿತ್ತು. ಗಾದ್ರಪ್ಪನಿಗೂ ಬರುವ ಅಮಾವಾಸ್ಯೆಗೇ ನೇಣು.

ಅವನ ತಮ್ಮ ಪಾಲಯ್ಯ ಕುರಿ ಕಾಯುವವನು. ಸೆರೆಮನೆಗೆ ಬುತ್ತಿ ಒಯ್ದರೆ ಅಣ್ಣ ತುತ್ತು ಮುಟ್ಟದೆ ಒಂದೇ ಮಾತು ಹೇಳುತ್ತಿದ್ದ. "ಕತ್ತಿ ಹಿಡಿದು ಮೇಲೆ ಬಿದ್ದ ಕಣೋ. ಹೊಡೀದಿದ್ರೆ ನಾನು ಉಳೀತಿರಲಿಲ್ಲ. ಸೀಸದ ಗುಂಡು ಕೊಡಿ ಅಂತ ಮೊದಲೇ ಕೇಳಿದ್ದೆ. ಸೀಸ ಬೇಟೆಯವರಿಗೆ, ಅರಮನೆಗೆ ಉಕ್ಕೇ ಮರ್ಯಾದೆ ಅಂದ್ರು." ದೊರೆ ತಿಪ್ಪರಾಜನ ಕಟ್ಟಳೆ ಅದು. ದೊಡ್ಡಸ್ತಿಕೆಯ ಕಟ್ಟಳೆ, ಸುಡಲಿ ಅದಕ್ಕೆ.

ಅಣ್ಣನನ್ನು ಬಿಡಿಸಲು ಪಾಲಯ್ಯನಿಗೆ ಬೇರೆ ದಾರಿ ಕಾಣಲಿಲ್ಲ. ಕಂಬಳಿ ಹೊದ್ದು ಆಸ್ಥಾನಕ್ಕೆ ಬಂದ. ಮುಂದೆ ಇಬ್ಬರು ನಿಂತಿದ್ದರು, ಒಬ್ಬ ಜಟ್ಟಿ, ಒಬ್ಬ ದಳವಾಯಿಯ ಅಳಿಯ.

ರಾಣಿ ಲಿಂಗಾಜಮ್ಮ ಕೇಳಿದಳು, "ಕಳ್ಳನಿಗೆಂದು ಹೊರಟದ್ದು ಕಳ್ಳನಲ್ಲಿ ನಿಲ್ಲದೆ ಪಕ್ಕದ ಕೋಣೆಗೂ ಹೋಯಿತು. ಯಾವುದು?"

"ಬೆಂಕಿ," ಎಂದ ಜಟ್ಟಿ. ಅವನನ್ನು ಸೆರೆಮನೆಗೆ ಎಳೆದೊಯ್ದರು. ಅಳಿಯರಾಯ ಬೆವರುತ್ತಾ "ಗುಂಡು" ಎಂದು ಪಾರಾದ.

"ಮುಖ ಕಂಡಾಗ ನನ್ನದು, ಬೆನ್ನು ಕಂಡೊಡನೆ ನನ್ನದಲ್ಲ. ಯಾವುದು?"

"ಧೈರ್ಯ," ಎಂದ ಅಳಿಯ. ಅವನ ಕಥೆಯೂ ಮುಗಿಯಿತು.

ಪಾಲಯ್ಯ ಮುಂದೆ ಬಂದ. "ಮೊದಲನೇದು ಉಕ್ಕಿನ ಗುಂಡು, ತಾಯಿ. ಸೀಸವಾದರೆ ಮೈಗೆ ತಾಗಿ ಚಪ್ಪಟೆಯಾಗುತ್ತೆ, ಬಹಳ ಸಲ ಅಲ್ಲೇ ಉಳಿಯುತ್ತೆ. ಎರಡನೇದು ಹೊಡೆಯೋ ಹಕ್ಕು. ಕತ್ತಿ ಹಿಡಿದು ಮೇಲೆ ಬಂದವನಿಗೆ ಹೊಡೆದರೆ ಜೀವ ಉಳಿಸಿಕೊಂಡ ಹಾಗೆ. ಬೆನ್ನು ತಿರುಗಿಸಿ ಓಡುವವನಿಗೆ ಹೊಡೆದರೆ ಕೊಲೆ."

"ಗುಂಡು ಎಲ್ಲೇ ಬೀಳಲಿ, ತಿರುಗಿ ಮನೆಗೆ ಬರುವುದು ಯಾವುದು?"

"ಹೊಣೆ, ತಾಯಿ."

"ಯಾರ ಮನೆಗೆ?"

ಹೊಡೆದವನ ಮನೆಗೆ ಅಂದುಬಿಟ್ಟರೆ ತಾನು ಗೆದ್ದ. ಆದರೆ ಅಣ್ಣನ ಕುತ್ತಿಗೆಗೆ ತಾನೇ ಹಗ್ಗ ಹಾಕಿದ ಹಾಗೆ. ಪಾಲಯ್ಯನಿಗೆ ಅಳು ಬಂತು. "ಹೊಡೆದವನ ಮನೆಗೆ ಬರುತ್ತೆ, ನಿಜ. ಅಲ್ಲಿ ನಿಲ್ಲಲ್ಲ. ಆ ಗುಂಡೇ ಬೇಕು ಅಂತ ಆರಿಸಿ ಕೊಟ್ಟವರ ಮನೆಗೂ ಹೋಗುತ್ತೆ."

ದೊರೆಯ ಕೈ ಕತ್ತಿಗೆ ಹೋಯಿತು. ರಾಣಿ ಸೆರಗಿನ ಗಂಟು ಬಿಚ್ಚಿ, ತೊಟ್ಟಿಲಲ್ಲಿ ಸಿಕ್ಕಿದ್ದ ಗುಂಡನ್ನು ಗಂಡನ ಮುಂದಿಟ್ಟಳು.

"ಇದನ್ನು ನಾನೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಹೇಳುವವರು ಒಬ್ಬರಾದರೂ ಸಿಗಲಿ ಅಂತ ಒಗಟು ಕಟ್ಟಿದೆ," ಎಂದಳು.

ದೊರೆ ಗುಂಡನ್ನು ಕೈಗೆತ್ತಿಕೊಂಡ. ಆಮೇಲೆ ಕತ್ತಿ ಬಿಚ್ಚಿ ಕೆಳಗಿಟ್ಟ.

ಕೇಳಿದ್ದು ಸಿಗುತ್ತದೆ ಎಂಬ ಮಾತಿನಂತೆ ಪಾಲಯ್ಯ ಅಣ್ಣನನ್ನೂ ಸೋತ ಇಬ್ಬರನ್ನೂ ಬಿಡಿಸಿಕೊಂಡ. ಚಿಕ್ಕ ದೊರೆಯ ಕಾವಲು ಅವನಿಗೇ ಬಂತು, ಸೀಸದ ಗುಂಡಿನ ಜೊತೆ.

ಗಾದ್ರಪ್ಪ ಮಾತ್ರ ಮತ್ತೆ ಕೋವಿ ಮುಟ್ಟಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಮೇಲೆ ಕೈಯಿಟ್ಟು, ಆಚೆ ಯಾರು ಮಲಗಿದ್ದಾರೆಂದು ಕೇಳುತ್ತಿದ್ದ.