ಮಾರ್ಕೆಟ್ ಸರ್ಕಲ್ಲಿನ ಕೆಂಪು ದೀಪ

ಮಾರ್ಕೆಟ್ಟಿನಲ್ಲಿ ರೊಟ್ಟಿ ಮಾರುವ ಸಾಂತವ್ವನ ಮೊಬೈಲಿಗೆ ಮೆಸೇಜು ಬಂತು: "ನಿಮ್ಮ ಮೊಪೆಡ್ ಸಿಗ್ನಲ್ ಹಾರಿಸಿದೆ. ಲಿಂಕ್ ಒತ್ತಿ ದಂಡ ಕಟ್ಟಿ. ಇಲ್ಲವಾದರೆ ಗಾಡಿ ಜಪ್ತಿ."

ಗಂಡ ಫಕೀರಪ್ಪ ಗಾಬರಿಯಾಗಿ ಒತ್ತಲು ಹೊರಟ. ಮಗಳ ಬಾಣಂತನದ ದುಡ್ಡೆಲ್ಲ ಅದೇ ಮೊಬೈಲಿನ ಖಾತೆಯಲ್ಲಿತ್ತು. ಸಾಂತವ್ವ ಮೊಬೈಲು ಕಸಿದುಕೊಂಡಳು.

"ತಡೀರಿ! ಒತ್ತಿದ್ರ ಖಾತೆ ಖಾಲಿ ಆಗ್ತೈತಿ."

ಅಷ್ಟರಲ್ಲಿ ಫೋನೇ ಬಂತು.

"ಟ್ರಾಫಿಕ್ ಸಾಹೇಬರು ಮಾತಾಡ್ತಿರೋದು! ಮಾರ್ಕೆಟ್ ಸರ್ಕಲ್ಲಲ್ಲಿ ಕೆಂಪು ದೀಪ ಇದ್ದಾಗ ನುಗ್ಗಿದ್ದೀಯ!"

"ದೀಪ ಹತ್ತಿತ್ತೇನ್ರಿ ಸಾಹೇಬ್ರ?"

"ಧಗಧಗ ಅಂತಿತ್ತು! ಲಿಂಕ್ ಒತ್ತು!"

ಸಾಂತವ್ವ ಸ್ಪೀಕರ್ ಹಾಕಿ ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೂಗಿದಳು. "ಏ, ಬರ್ರಿ ಎಲ್ಲಾರೂ! ನಮ್ಮ ಸಿಗ್ನಲ್ ಹತ್ತೈತಂತ!"

ಸರ್ಕಲ್ಲಿನ ಆ ಸಿಗ್ನಲ್ ಕಂಬದಲ್ಲಿ ನೆಟ್ಟಾಗಿನಿಂದ ಒಮ್ಮೆಯೂ ದೀಪ ಹತ್ತಿರಲಿಲ್ಲ. ಅದಕ್ಕೆ ಊರವರು ಎಮ್ಮೆ ಕಟ್ಟುತ್ತಿದ್ದರು. ಜನ ಫೋನಿಗೆ ಮುತ್ತಿಕೊಂಡರು.

"ಭಾರಿ ಕೆಲಸ ಮಾಡೀರಿ ಸಾಹೇಬ್ರ!" ಎಂದಳು ಹೂವಿನ ಮಾಬುಬಿ. "ನಮ್ಮ ಓಣಿ ದೀಪಾನೂ ಹಚ್ಚಿಕೊಡ್ರಿ!"

"ಗಟಾರದ ಹೊಲಸು ಯಾವಾಗ ತೆಗಿಸ್ತೀರಿ?" ಇನ್ನೊಬ್ಬ ಕೇಳಿದ.

"ನಾ... ನಾನು ಆ ಇಲಾಖೆಯವನಲ್ಲ!" ಸಾಹೇಬ ಫೋನಿಟ್ಟೇಬಿಟ್ಟ.

ಸಂಜೆವರೆಗೂ ಊರಿಗೂರೇ ಆ ನಂಬರಿಗೆ ಫೋನು ಮಾಡಿತು. ಮರುದಿನ ನಂಬರೇ ಬಂದ್.

"ಛೇ," ಎಂದು ಫಕೀರಪ್ಪ ಪೇಚಾಡಿದ, "ನಳದ ನೀರಿಂದು ಹೇಳೋದ ಉಳೀತಲ್ಲ!"